ಗಂಗಾಳದ ಅಂಚು

ನವೆಂಬರ್ 3, ಸೋಮವಾರ. ಬೆಳಿಗ್ಗೆ 7.10

ಇವತ್ತೂ ಗಾಳಿ. ಸೇವಂತಿಗೆ ನಿಲ್ಲಲಿಲ್ಲ. ಹನ್ನೊಂದು ಫೋಟೋ ತೆಗೆದೆ, ಹತ್ತು ಅಳಿಸಿದೆ. ಉಳಿದ ಒಂದರಲ್ಲಿ ಎಸಳಿನ ತುದಿಗೆ ಹಸಿರು ಹೇನು ಕೂತಿದೆ. ಬರಿಗಣ್ಣಿಗೆ ಧೂಳಿನ ಕಣ. ಫೋಟೋದಲ್ಲಿ ಆರು ಕಾಲನ್ನೂ ಎಣಿಸಬಹುದು.

ಪೂಜೆಯ ಹೂವು ಬಿಡಿಸಿ ಒಳಗಿಟ್ಟ ಮೇಲೆಯೇ ನನ್ನ ಫೋಟೋ. ಲಿಂಗಕ್ಕೆ ಏರಿಸುವ ಹೂವಿನ ಮೇಲೆ ಉಸಿರು ಬೀಳಬಾರದು. ತನುಜಾಗೆ ಎಷ್ಟು ಸಲ ಹೇಳಿದರೂ ಗಿಡದಲ್ಲೇ ಮೂಗು ಒತ್ತಿ ನಿಲ್ಲುತ್ತಾಳೆ. ಸೊಸೆಗೆ ಬೇರೆ ಎಲ್ಲ ಬರುತ್ತದೆ, ತಾಳ್ಮೆ ಬರುವುದಿಲ್ಲ.

ಲೆನ್ಸ್ ಅವಳದೇ. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದು. ಮೊಬೈಲಿನ ಕಣ್ಣಿಗೆ ಕಚ್ಚಿಸಿದರೆ ಸಾಸಿವೆ ಕಾಳು ಲಿಂಬೆಹಣ್ಣಾಗುತ್ತದೆ. ಹುಬ್ಬಳ್ಳಿಯಲ್ಲಿ ಕಣ್ಣಿನ ಪೊರೆ ತೆಗೆಸಿ ಬಂದಾಗ ಅಕ್ಕಿಯಲ್ಲಿನ ಹರಳು ಕಾಣುತ್ತಿರಲಿಲ್ಲ, ಇದರಲ್ಲಿ ನೋಡ್ರಿ ಎಂದು ಕೊಟ್ಟಳು. ಹರಳು ಕಂಡವು. ಅಕ್ಕಿಯೂ ಕಂಡಿತು. ಅರವತ್ತಾರು ವರ್ಷದವಳು, ಅಕ್ಕಿ ಆರಿಸುತ್ತಲೇ ಬಂದವಳು, ಮಿಲ್ಲಿನವರ ಮನೆಯವಳು, ಒಂದು ಕಾಳಿನ ಮೈಮೇಲೆ ಗೆರೆಗಳಿರುತ್ತವೆಂದು ಮೊನ್ನೆ ಮೊನ್ನೆ ನೋಡಿದೆ.

ಈಗ ಜರಡಿಯ ತೂತು, ಉಪ್ಪಿನ ಹರಳು, ಸೂಜಿಯ ಕಣ್ಣು, ರೊಟ್ಟಿಯ ಮೇಲಿನ ಸುಟ್ಟ ಗುಳ್ಳೆ... ಎಲ್ಲ ತೆಗೆಯುತ್ತೇನೆ. ಕೈ ನಡುಗುವುದಿಲ್ಲ. ಶಾವಿಗೆ ಹೊಸೆದ ಕೈ. ತನುಜಾ ತೆಗೆದ ಮೇಲೆ ಬಣ್ಣ ಏರಿಸುತ್ತಾಳೆ. ನಾನು ಏರಿಸುವುದಿಲ್ಲ.

ನವೆಂಬರ್ 5, ಬುಧವಾರ

ಹಾನಗಲ್ಲಿನಿಂದ ಸುಧಾರಾಣಿ ಟೀಚರ್ ಬಂದಿದ್ದರು. ಅವರ ಮಹಿಳಾ ಬಳಗದಿಂದ ಡಿಸೆಂಬರ್ 14ಕ್ಕೆ ಫೋಟೋ ಪ್ರದರ್ಶನ, ಬಹುಮಾನವೂ ಇದೆಯಂತೆ. ವಿಷಯ—ನಮ್ಮ ಮನೆಯ ಒಂದು ವಸ್ತು. ಹತ್ತಿರದಿಂದ ತೆಗೆದಿರಬೇಕು. ಹೆಂಗಸರು ಮಾತ್ರ. ಸವಣೂರು, ಶಿಗ್ಗಾವಿಯಿಂದಲೂ ಬರುತ್ತಾರಂತೆ. ಎರಡು ಅಡಿಯ ಪ್ರಿಂಟ್ ಹಾಕಿಸಿ, ವಸ್ತುವನ್ನು ಅದರ ಕೆಳಗೇ ಮೇಜಿನ ಮೇಲೆ ಇಡುತ್ತಾರಂತೆ.

ಕೇಳಿದ್ದು ತನುಜಾಳನ್ನು. ಅವಳು, ನಮ್ಮ ಅತ್ತಿಯವರು ನನಗಿಂತ ಚಲೋ ತಗೀತಾರ್ರಿ ಎಂದಳು. ಒಳ್ಳೆಯದಕ್ಕೇ ಹೇಳಿದ್ದು. ಆದರೂ ನನಗೆ ಸೊಸೆಯ ಶಿಫಾರಸು ಬೇಕಿರಲಿಲ್ಲ.

ನವೆಂಬರ್ 9, ಭಾನುವಾರ. 8.30

ವಸ್ತು ಗೊತ್ತುಮಾಡಿದೆ. ನಮ್ಮಪ್ಪನ ಗಂಗಾಳ, ನಾನು ದಿನಾ ಉಣ್ಣುವ ಕಂಚಿನ ತಟ್ಟೆ.

ಮೂಡಣ ಕಿಟಕಿಯ ಕಟ್ಟೆಯ ಮೇಲೆ ಕರಿ ಕಂಬಳಿ ಹಾಸಿ ಇಟ್ಟೆ. ಬಿಸಿಲು ಅಡ್ಡಡ್ಡ ಬೀಳುವವರೆಗೆ ಕಾದೆ. ಕಂಚಿನ ಅಂಚು, ಅದರ ಮೇಲೆ ಹೆಸರು ಕೊರೆದ ಚುಕ್ಕಿಗಳು, ಒಂದೊಂದು ಚುಕ್ಕಿಯಲ್ಲೂ ಒಂದು ಚೂರು ನೆರಳು. ಉಸಿರು ಹಿಡಿದು ನಾಲ್ಕು ತೆಗೆದೆ. ಮೂರನೆಯದು ಬಂತು. ಹೆಸರು ಗೊತ್ತಿದ್ದದ್ದೇ, ನಾನು ನೋಡಿದ್ದು ಚುಕ್ಕಿಗಳನ್ನು. ಇಂಥದ್ದು ತೆಗೆದಿರಲಿಲ್ಲ ಇದುವರೆಗೆ.

ಈ ಗಂಗಾಳಕ್ಕೆ ಒಂದು ಕಥೆ ಇದೆ. ಮನೆ ಪಾಲಾದದ್ದು 1988ರಲ್ಲಿ. ಹೊಲ, ಮಿಲ್ಲು ಗಂಡಸರು ಹಂಚಿಕೊಂಡರು. ಪಾತ್ರೆಗಳಿಗೆ ಬೇರೆ ಲೆಕ್ಕ: ಯಾವ ಸೊಸೆಯ ತವರಿನ ಹೆಸರು ಅದರ ಮೇಲಿದೆಯೋ ಅವಳಿಗೆ. ಓದಿದವಳು ನಾನು. ಎಸ್‌ಎಸ್‌ಎಲ್‌ಸಿ ಪಾಸಾದ ಸೊಸೆ ಆ ಓಣಿಗೇ ನಾನೊಬ್ಬಳು. ಮೈದುನನ ಹೆಂಡತಿ ಮುದಕವ್ವ, ಅಕ್ಷರ ಅರಿಯದವಳು, ಈ ಗಂಗಾಳ ತನ್ನ ಅಪ್ಪನದು ಎಂದು ಕೂತಳು. ಹೆಸರು ಅಜ್ಜಪ್ಪ, ಹಿರೇಕೆರೂರು ಎಂದು ಇಪ್ಪತ್ತು ಮಂದಿಯ ಮುಂದೆ ಓದಿದ ಮೇಲೂ. ಅತ್ತೆಯವರು ಅವಳನ್ನು ಕಳ್ಳಿ ಎಂದರು. ಗಂಡನೊಂದಿಗೆ ತಿಳವಳ್ಳಿಗೆ ಬೇರೆಯಾಗಿ ಹೋದಳು. ಆಮೇಲೆ ಸಾವಿಗೆ, ಮದುವೆಗೆ, ಎಂದಾದರೊಂದು ಹಬ್ಬಕ್ಕೆ ಮುಖ ನೋಡಿದ್ದೇವೆ, ಅಷ್ಟೇ. ಅವಳು ಬಂದಾಗ ಕಂಚಿನ ಸಾಮಾನು ಒಳಗೆ ಇಡಬೇಕೆಂದು ಸೊಸೆಗೆ ಬಂದ ವರ್ಷವೇ ಹೇಳಿಟ್ಟಿದ್ದೇನೆ.

ನವೆಂಬರ್ 10

ಕಳಿಸಿದೆ. ತನುಜಾ, ಒಮ್ಮೆ ದೊಡ್ಡದು ಮಾಡಿ ನೋಡ್ತೇನಿ ಕೊಡ್ರಿ ಅತ್ತಿ ಎಂದಳು. ಕೊಡಲಿಲ್ಲ. ನಾನು ತೆಗೆದದ್ದನ್ನು ಇನ್ನೊಬ್ಬರು ಪಾಸು ಮಾಡಬೇಕೇ.

ನವೆಂಬರ್ 17, ಸೋಮವಾರ

ಆಯ್ಕೆಯಾಗಿದೆ. ಸುಧಾರಾಣಿ ಫೋನ್ ಮಾಡಿದ್ದರು. ಮೃತ್ಯುಂಜಯ ಮಿಲ್ಲಿನಿಂದ ಊಟಕ್ಕೆ ಬಂದವನು, ಅವ್ವ ಇನ್ನ ಮದವಿ ಫೋಟೋ ಆರ್ಡರ್ ಹಿಡೀತಾಳ ಎಂದು ನಕ್ಕ. ಭತ್ತದ ಧೂಳು ಮೈತುಂಬ, ಮಗನಿಗೆ ಹಾಸ್ಯ. ನಗಲಿ. ಎರಡು ತುತ್ತು ಹೆಚ್ಚು ಉಂಡ.

ನವೆಂಬರ್ 22, ಶನಿವಾರ. ಸಂಜೆ

ಹಾನಗಲ್ಲಿಗೆ ಹೋಗಿ ಬಂದೆವು, ನಾನು, ತನುಜಾ. ಪ್ರಿಂಟ್ ನೋಡಿ ಒಪ್ಪಿಗೆ ಕೊಡಬೇಕಿತ್ತು.

ಸ್ಟುಡಿಯೋದ ಸಿರಾಜುದ್ದೀನ. ಐವತ್ತರ ಮನುಷ್ಯ, ಮರ್ಯಾದಸ್ಥ. ಕುರ್ಚಿ ಒರೆಸಿ ಕೂರಿಸಿದ. ಚಹಾ ತರಿಸಿದ. ನಾನು ಅಪ್ಪನ ಬಗ್ಗೆ ಹೇಳಿದೆ. ಹಿರೇಕೆರೂರಿನ ಅಜ್ಜಪ್ಪನವರು ಎಂದರೆ ಹೇಗಿದ್ದರು, ಮಗಳನ್ನು ಎಂಥ ಮನೆಗೆ ಕೊಟ್ಟರು. ಅವನು ಹೌದ್ರಿ ಹೌದ್ರಿ ಎನ್ನುತ್ತ ಕಂಪ್ಯೂಟರ್ ತೆರೆದ. ನನ್ನ ಫೋಟೋ, ಗೋಡೆಯ ಅರ್ಧದಷ್ಟು ಪರದೆಯ ತುಂಬ.

"ಬೆಳಕು ಭಾಳ ಚಲೋ ಹಿಡದೀರಿ ಅಮ್ಮಾರ. ನೋಡ್ರಿಲ್ಲೆ, ಅಕ್ಷರ ಹ್ಯಾಂಗ ಎದ್ದು ಬಂದಾವ" ಎಂದು ಬೆರಳು ಆಡಿಸುತ್ತ ಓದಿದ. "ಕುಬೇರಪ್ಪ. ತಡಸ."

ಆಮೇಲೆ ನನ್ನ ಕಡೆ ತಿರುಗಿ, "ತಂದಿಯವರದು ಅಜ್ಜಪ್ಪ ಅಂದಂಗಾತಲ್ರಿ?"

ತಡಸದ ಕುಬೇರಪ್ಪ ಮುದಕವ್ವನ ಅಪ್ಪ.

ದೂರ ಮಾಡ್ರಿ ಅದನ್ನ ಎಂದೆ. ಸಣ್ಣದು ಮಾಡಿದ. ಒಮ್ಮೆ ಓದಿದ ಮೇಲೆ ಸಣ್ಣದರಲ್ಲೂ ಕಾಣುತ್ತದೆ. ಇನ್ನೂ ಸಣ್ಣದು. ಕಾಣುತ್ತದೆ. ತನುಜಾ ಚಹಾದ ಲೋಟ ಕೆಳಗಿಟ್ಟಳು.

ಬಸ್ಸಿನಲ್ಲಿ ನಮ್ಮ ಅಕ್ಕಿಆಲೂರಿನವರೆಗೆ ಕಿಟಕಿಯಾಚೆ ನೋಡುತ್ತ ಬಂದೆ.

ನವೆಂಬರ್ 29

ಗಂಗಾಳವನ್ನು ಅಟ್ಟಕ್ಕೆ ಹಾಕಿಸಿದೆ. ಹೂವು ಬಿಡಿಸಿದೆ, ಫೋಟೋ ತೆಗೆಯಲಿಲ್ಲ. ತನುಜಾ ಏನೂ ಕೇಳುವುದಿಲ್ಲ. ಬೇರೆ ತಟ್ಟೆಯಲ್ಲಿ ಬಡಿಸುತ್ತಾಳೆ, ಹೋಗುತ್ತಾಳೆ. ಕೇಳಿದರೆ ಗದರಿಸಬಹುದಿತ್ತು.

ಡಿಸೆಂಬರ್ 2, ಮಂಗಳವಾರ. ಮಧ್ಯಾಹ್ನ

ಬರೆಯುತ್ತೇನೆ. ಇದನ್ನು ಯಾರೂ ಓದುವುದಿಲ್ಲ.

ಪಾಲಾದದ್ದು ಮಾವನವರ ವರ್ಷದ ಕಾರ್ಯ ಮುಗಿದ ಮಾರನೇ ದಿನ. ಕರೆಂಟ್ ಇರಲಿಲ್ಲ. ಪಡಸಾಲೆಯಲ್ಲಿ ಎರಡು ಕಂದೀಲು. ಮಠದ ಅಯ್ಯನವರು, ಭಾವಮೈದುನರು, ಅವರ ಹೆಂಡಂದಿರು, ಓಣಿಯ ಹಿರಿಯರು. ಅರವತ್ತಕ್ಕೂ ಮೇಲ್ಪಟ್ಟು ಪಾತ್ರೆ. ಒಂದೊಂದನ್ನೂ ಕಂದೀಲಿಗೆ ಹಿಡಿದು ಓದಿದೆ. ನಾನು ಬಾಯಿ ತೆರೆದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಇಂಥದ್ದು ಆ ಮನೆಯಲ್ಲಿ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ನಮ್ಮಪ್ಪನ ಹೆಸರು ಒಂದರ ಮೇಲೂ ಬರಲಿಲ್ಲ. ಅಪ್ಪ ಐದು ಗಂಗಾಳ ಕೊಟ್ಟಿದ್ದ, ಹೆಸರು ಕೊರೆಸಲಿಕ್ಕೆ ಪುರಸೊತ್ತಾಗಲಿಲ್ಲ ಎಂದಿದ್ದ. ಮದುವೆಯ ದಿನವೇ ಅತ್ತೆಯ ಕಡೆಯ ಹೆಂಗಸರು, ಎರವಲು ತಂದಾರೇನು ಎಂದು ನಕ್ಕಿದ್ದರು. ಹೆಸರಿಲ್ಲದ ಸಾಮಾನು ಅತ್ತೆಯ ಪಾಲಿಗೆ ಎಂದು ಪಂಚರು ಹೇಳಿದ್ದರಿಂದ ಆ ಐದೂ ಅತ್ತೆಯ ಕಡೆ ಹೋಗಿ ಬಿದ್ದವು. ನಾನೇ ಎತ್ತಿ ಕೊಟ್ಟೆ.

ಕಡೆಯದು ಈ ಗಂಗಾಳ. ಚುಕ್ಕಿಗಳಲ್ಲಿ ಬೂದಿ, ಹುಣಸೆ ಹುಳಿ ತುಂಬಿ ಕೂತಿತ್ತು. ಎರಡು ಸಲ ತಿರುಗಿಸಿದೆ. ಓದಲು ಬರಲಿಲ್ಲ. ಯಾಕವಾ, ಬರವಲ್ದೇನು ಎಂದರು ಅತ್ತೆ. ಇಪ್ಪತ್ತು ಮಂದಿ ನನ್ನ ಮುಖ ನೋಡುತ್ತಿದ್ದರು. ಬರವಲ್ದು ಎಂದರೆ ಮುಗಿದಿತ್ತು. ಯಾರಾದರೂ ನೀರು ಹಾಕಿ ತಿಕ್ಕುತ್ತಿದ್ದರು. ಓದಿದ ಸೊಸೆಗೆ ಓದಲು ಬರಲಿಲ್ಲ ಎಂದು ಮಾತ್ರ ಆಗುತ್ತಿತ್ತು.

ಅಜ್ಜಪ್ಪ, ಹಿರೇಕೆರೂರು ಎಂದೆ.

ಮುದಕವ್ವ ಮೂಲೆಯಿಂದ ಎದ್ದು ಬಂದಳು. ಯಕ್ಕಾ, ಅದು ನಮ್ಮಪ್ಪ ಉಂಡ ಗಂಗಾಳ, ನಾ ಈ ಮನಿಗೆ ಬರೂ ಮುಂದ ತನ್ನ ಗಂಗಾಳನ ತೊಳದು ಕೊಟ್ಟಾನ, ಬಲಕ್ಕ ಅಂಚು ಸವದೈತಿ, ಕೈ ಆಡಿಸಿ ನೋಡು ಎಂದಳು. ನಾನು ಕೈ ಆಡಿಸಲಿಲ್ಲ. ಅಕ್ಷರ ನಿನಗ ಗೊತ್ತೋ ನನಗ ಗೊತ್ತೋ ಎಂದೆ. ಎಲ್ಲರೂ ನಕ್ಕರು. ಆಮೇಲೆ ಅತ್ತೆ ಕಳ್ಳಿ ಎಂಬ ಆ ಮಾತು ಅಂದರು.

ಅವಳದು ಎಂದು ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲ. ನನ್ನದಲ್ಲ ಎಂದು ಗೊತ್ತಿತ್ತು. ವರ್ಷ ಹೋದಂತೆ ಅದೂ ಮರೆತು, ಅಪ್ಪನದೇ ಎಂದು ನಂಬಿ ಉಂಡಿದ್ದೇನೆ. ಮೂವತ್ತೇಳು ವರ್ಷ. ತಿಕ್ಕಿ ತೊಳೆದಿದ್ದೂ ನಾನೇ. ಒಂದು ದಿನವೂ ಬಿಸಿಲಿಗೆ ಹಿಡಿದು ಓದಲಿಲ್ಲ.

ಡಿಸೆಂಬರ್ 4, ಗುರುವಾರ

ಫೋಟೋ ವಾಪಸ್ ತೆಗೆಸು, ಬದಲಿಗೆ ದಾಸವಾಳದ್ದು ಕಳಿಸು ಎಂದು ತನುಜಾಗೆ ಹೇಳಿದೆ. ಅವಳು ಶೇಂಗಾ ಹುರಿಯುತ್ತಿದ್ದಳು. ಒಲೆ ಆರಿಸಿ ತಿರುಗಿದಳು.

"ತಗಿಸು ಅಂದ್ರ ತಗಿಸ್ತೇನ್ರಿ ಅತ್ತಿ. ತಿಳವಳ್ಳಿ ಸಣ್ಣತ್ತಿ ಮುಂದ ನಾ ಹ್ಯಾಂಗ ನಿಲ್ಲಲಿ? ಪಂಚಮಿಗೆ ಬಂದಾಗ ಅವರು ಈ ಗಂಗಾಳ ಕೈಯಾಗ ತಗೊಂಡು ಸುಮ್ಮನ ನೋಡಾಕತ್ತಿದ್ರು. ನಾ ಕಸಗೊಂಡು ಒಳಗಿಟ್ಟು ಕೀಲಿ ಹಾಕಿದೆ. ಅವರ ಮುಂದನ. ನೀವು ಹೇಳಿದ್ರಿ, ನಾ ಹಾಕಿದೆ."

ಹದಿನಾಲ್ಕು ವರ್ಷದಲ್ಲಿ ಇವಳು ನನಗೆ ಇಷ್ಟು ಉದ್ದ ಮಾತು ಆಡಿರಲಿಲ್ಲ. ಬಾಯಿ ಮುಚ್ಚು ಎನ್ನಬೇಕೆಂದಿದ್ದೆ. ಅಟ್ಟದಿಂದ ಗಂಗಾಳ ಇಳಿಸು ಎಂದೆ.

ಡಿಸೆಂಬರ್ 6, ಶನಿವಾರ. ಸಂಜೆ

ತಿಳವಳ್ಳಿ. ಒಬ್ಬಳೇ ಹೋದೆ, ಗಂಗಾಳ ಕೈಚೀಲದಲ್ಲಿ.

ಮುದಕವ್ವ ಅಂಗಳದಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. ಮೈದುನ ತೀರಿಹೋಗಿ ಆರು ವರ್ಷ. ನನ್ನನ್ನು ಕಂಡು ಏಳಲಿಲ್ಲ. ಮೊಮ್ಮಗಳು ಶೀಲಾ ಚಾಪೆ ತಂದಳು, ನೀರು ಕೊಟ್ಟಳು. ಕುಶಲ ಕೇಳಿದೆ. ಮೊಣಕಾಲು ನೋವು ಎಂದಳು. ತೆನೆ ಬಿಡಿಸುತ್ತಲೇ ಇದ್ದಳು.

ಚೀಲದಿಂದ ತೆಗೆದು ಮುಂದೆ ಇಟ್ಟೆ. ಇದು ನಿಮ್ಮಪ್ಪನದು, ಓದಿದೆ ಎಂದೆ. ಅವಳು ಸೆರಗಿಗೆ ಕೈ ಒರೆಸಿ ತೆಗೆದುಕೊಂಡಳು. ನೋಡಲಿಲ್ಲ. ಹೆಬ್ಬೆರಳನ್ನು ಅಂಚಿನ ಸುತ್ತ ಒಂದು ಸುತ್ತು ಎಳೆದಳು. ಬಲಗಡೆ ಒಂದು ಕಡೆ ಬೆರಳು ನಿಂತಿತು. ನಿಂತೇ ಇತ್ತು. ಆಮೇಲೆ ಗಂಗಾಳವನ್ನು ನನ್ನ ಚಾಪೆಯ ಮೇಲೆ ಇಟ್ಟಳು.

"ನನಗ ಗೊತ್ತಿದ್ದದ್ದ ನನಗ ಹೇಳಾಕ ಬಸ್ ಹತ್ತಿ ಬಂದಿ ಏನ ಯಕ್ಕಾ?"

ತಪ್ಪಾಯಿತು ಎಂದೆ. ನನಗೇ ಸರಿಯಾಗಿ ಕೇಳಿಸಲಿಲ್ಲ.

"ನನಗ ಹೇಳಬ್ಯಾಡ. ಇಪ್ಪತ್ತು ಮಂದಿ ಮುಂದ ಓದಿದಿ. ಇಪ್ಪತ್ತು ಮಂದಿ ಮುಂದ ಓದು."

ಅವರೆಲ್ಲ ಸತ್ತಿದ್ದಾರೆ ಎಂದೆ.

"ಬ್ಯಾರೆ ಮಂದೀನ ಹುಡುಕು. ಮಂದಿಗೇನು ಬರ ಬಿದ್ದೈತಿ?"

ಶೀಲಾ ಒಳಗೆ ಹೋದಳು. ಮುದಕವ್ವ ಹೇಳಿದಳು, ಧ್ವನಿ ಏರಿಸದೆ: ಅಪ್ಪ ಸತ್ತಾಗ ತಡಸಕ್ಕೆ ಹೋಗಿದ್ದಳಂತೆ. ಅಪ್ಪನ ಗಂಗಾಳ ಎಲ್ಲಿ ಎಂದು ಅವ್ವ ಕೇಳಿದಳಂತೆ. ಮಣ್ಣಿಗಿಡುವ ಮುಂಚೆ ಅದರಲ್ಲಿ ಒಂದು ತುತ್ತು ಎಡೆ ಇಡಬೇಕಿತ್ತು ಎಂದು. ಭಾವನ ಹೆಂಡತಿ ಓದಿದವಳು, ಅವಳದಂತ ಎಂದು ಅವ್ವನ ಮುಂದೆ ಹೇಳಬೇಕಾಯಿತಂತೆ. ಸ್ಟೀಲ್ ತಟ್ಟೆಯಲ್ಲಿ ಎಡೆ ಇಟ್ಟರಂತೆ.

ಗಂಗಾಳ ಚೀಲಕ್ಕೆ ಹಾಕಿಕೊಂಡು ಬಂದೆ. ಹದಿನಾಲ್ಕಕ್ಕೆ ಹಾನಗಲ್ಲಿಗೆ ಬಾ ಎಂದು ಹೇಳಿ ಬಂದೆ.

ಡಿಸೆಂಬರ್ 9, ಮಂಗಳವಾರ

ಫೋಟೋದ ಕೆಳಗೆ ನಾಲ್ಕು ಸಾಲು ಬರೆದು ಕೊಡಬೇಕು. ಹನ್ನೊಂದರೊಳಗೆ.

"ನಮ್ಮ ಮನೆಯ ಹಳೆಯ ಕಂಚಿನ ಗಂಗಾಳ." ನಮ್ಮ ಎಂಬುದನ್ನು ಹೊಡೆದೆ.

"ಪಾಲಿನ ಕಾಲಕ್ಕೆ ಕಣ್ತಪ್ಪಿನಿಂದ ನಮ್ಮಲ್ಲಿ ಉಳಿದ..." ಕಣ್ಣಿನ ತಪ್ಪಲ್ಲ. ಹೊಡೆದೆ.

ಮೂರನೆಯದು: "ಈ ಗಂಗಾಳ ತಡಸದ ಕುಬೇರಪ್ಪನವರು ಮಗಳು ಮುದಕವ್ವನಿಗೆ ಕೊಟ್ಟದ್ದು. 1988ರಲ್ಲಿ ಇದರ ಮೇಲಿನ ಹೆಸರು ನನಗೆ ಓದಲು ಬರಲಿಲ್ಲ. ಬರಲಿಲ್ಲ ಎನ್ನದೆ ನಮ್ಮಪ್ಪನ ಹೆಸರು ಓದಿದೆ. ಅವಳು ಹೇಳಿದ್ದು ನಿಜ. —ಶಿವಬಸವ್ವ, ಅಕ್ಕಿಆಲೂರು."

ತನುಜಾ ಟೈಪ್ ಮಾಡಿದಳು. ಒಂದಕ್ಷರ ಬದಲಿಸಲಿಲ್ಲ. ಮೃತ್ಯುಂಜಯ ಸಂಜೆ ಓದಿ ಸಿಟ್ಟಾದ. ಮನಿ ಮಾತು ಹಾನಗಲ್ಲಿನ ಗ್ವಾಡಿ ಮ್ಯಾಲೆ ಯಾಕಬೇ, ಮಿಲ್ಲಿಗೆ ಬರೂ ಮಂದಿ ಓದೂದಿಲ್ಲೇನು ಎಂದ. ಓದಲಿ ಅಂತನೇ ಎಂದೆ. ಊಟ ಬಿಟ್ಟು ಹೋದ.

ಡಿಸೆಂಬರ್ 14, ಭಾನುವಾರ. ರಾತ್ರಿ 8

ಆಯಿತು.

ಸಭಾಭವನದಲ್ಲಿ ನೂರರ ಮೇಲೆ ಜನ. ಗೋಡೆಗೆ ಇಪ್ಪತ್ತೆಂಟು ಫೋಟೋ. ಬೀಗದ ಕೈ, ಬೀಸುವ ಕಲ್ಲಿನ ಗೂಟ, ಹೊಲಿಗೆ ಯಂತ್ರದ ಸೂಜಿ. ಸವಣೂರಿನ ರೋಶನಬಿ ಎಂಬಾಕೆಯದು ವೀಳ್ಯದೆಲೆಯ ನರ, ನನ್ನದಕ್ಕಿಂತ ಚೆನ್ನಾಗಿತ್ತು. ನನ್ನದು ಬಾಗಿಲ ಎದುರಿಗೇ. ಕೆಳಗೆ ಮೇಜಿನ ಮೇಲೆ ಗಂಗಾಳ.

ಮುದಕವ್ವ ಬಂದಿದ್ದಳು. ಶೀಲಾಳ ಜೊತೆ, ಮೂರನೇ ಸಾಲಿನ ತುದಿಗೆ. ತಲೆ ತುಂಬ ಸೆರಗು.

ನನ್ನ ಹೆಸರು ಕರೆದರು. ಮೈಕ್ ಮುಂದೆ ನಿಂತೆ. ಬರೆದದ್ದನ್ನು ಬರೆದ ಹಾಗೆ ಓದಿದೆ. ಸ್ಟೀಲ್ ತಟ್ಟೆಯ ಮಾತನ್ನೂ ಸೇರಿಸಿ ಹೇಳಿದೆ, ಅದು ಕಾಗದದಲ್ಲಿರಲಿಲ್ಲ. ಜನ ಸುಮ್ಮನೆ ಕೂತಿದ್ದರು. ಅವತ್ತು ಪಡಸಾಲೆಯಲ್ಲಿ ನಾನು ಬಾಯಿ ತೆರೆದರೆ ಸುಮ್ಮನಾದ ಹಾಗೆ.

ಮುಗಿಸಿದೆ. ಚಪ್ಪಾಳೆ. ಎದ್ದು ನಿಂತು ಚಪ್ಪಾಳೆ. ಅತಿಥಿಗಳು, ಇಂಥ ದೊಡ್ಡ ಮನಸ್ಸು ಈಗ ಎಲ್ಲಿದೆ ಎಂದು ಐದು ನಿಮಿಷ ಮಾತಾಡಿದರು. ಶಾಲು ಹೊದಿಸಿದರು. ಮೊದಲನೇ ಬಹುಮಾನ ನನಗೆ. ಇಬ್ಬರು ಕಾಲೇಜು ಹುಡುಗಿಯರು ಕಾಲು ಮುಟ್ಟಿದರು.

ಆ ಮುದಕವ್ವ ಇಲ್ಲೇ ಕೂತಿದ್ದಾಳೆ, ಮೂರನೇ ಸಾಲಿನಲ್ಲಿ, ಎದ್ದು ನಿಲ್ಲವಾ—ಇಷ್ಟು ನಾನು ಹೇಳಬೇಕಿತ್ತು. ಮೈಕ್ ಕೈಯಲ್ಲೇ ಇತ್ತು. ಅವಳು ನನ್ನನ್ನೇ ನೋಡುತ್ತಿದ್ದಳು, ಹೇಳುತ್ತೇನೆಂದು. ಸೆರಗನ್ನೂ ಸರಿಮಾಡಿಕೊಂಡು ಕೂತಿದ್ದಳು. ಹೇಳಲಿಲ್ಲ. ಮರೆತೆ ಎಂದು ಬರೆಯಬಹುದು ಇಲ್ಲಿ. ಮರೆಯಲಿಲ್ಲ. ಚಪ್ಪಾಳೆ ನಡೆಯುತ್ತಿತ್ತು.

ಹೊರಗೆ ಬಂದಾಗ ಚಪ್ಪಲಿ ಹುಡುಕುತ್ತಿದ್ದಳು. ಗಂಗಾಳ ಹಿಡಿದು ಹತ್ತಿರ ಹೋದೆ. ತಗೋ ಎಂದೆ. ಶಾಲು ಹೆಗಲ ಮೇಲೇ ಇತ್ತು, ತೆಗೆಯಲು ನೆನಪಾಗಲಿಲ್ಲ.

ಶಾಲನ್ನೇ ನೋಡಿದಳು.

"ಅವತ್ತ ನೀ ಶ್ಯಾಣ್ಯಾಕಿ ಆದಿ, ನಾ ಕಳ್ಳಿ ಆದೆ. ಇವತ್ತ ನೀ ದೊಡ್ಡಾಕಿ ಆದಿ." ಚಪ್ಪಲಿಗೆ ಕಾಲು ತೂರಿಸಿದಳು. "ನಾ ಏನಾದೆ, ಯಕ್ಕಾ?"

ಗಂಗಾಳ ತೆಗೆದುಕೊಂಡಳು. ಎರಡೂ ಕೈಯಿಂದ, ನನ್ನ ಕೈ ಮುಟ್ಟದಂತೆ. ಶೀಲಾ ಚೀಲ ಹಿಡಿದಳು, ಅದರೊಳಗೆ ಇಳಿಸಿದಳು. ಬರ್ತೇನಿ ಎನ್ನಲಿಲ್ಲ. ತಿಳವಳ್ಳಿ ಬಸ್ಸಿಗೆ ನಡೆದರು.

ತನುಜಾ ಅವರ ಹಿಂದೆ ಓಡಿ ಹೋಗಿ ಕಾಲಿಗೆ ಬಿದ್ದಳು. ನಾನು ಬಳಗದವರು ಮಾಡಿಕೊಟ್ಟ ಕಾರಿನಲ್ಲಿ ಕೂತು ನೋಡಿದೆ. ಮುದಕವ್ವ ಅವಳ ತಲೆ ಮೇಲೆ ಕೈ ಇಟ್ಟಳು.

ಡಿಸೆಂಬರ್ 15, ಸೋಮವಾರ. ಬೆಳಿಗ್ಗೆ 9.40

ಪತ್ರಿಕೆಯವನೊಬ್ಬ ಫೋನ್ ಮಾಡಿದ್ದ. ನಿನ್ನೆಯದನ್ನು ದೊಡ್ಡದಾಗಿ ಬರೆಯುತ್ತಾನಂತೆ. ಅಮ್ಮನವರ ಒಂದು ಫೋಟೋ ಬೇಕು, ಮನೆಯಲ್ಲಿ, ಹತ್ತಿರದಿಂದ, ಮುಖ ತುಂಬ. ಮಧ್ಯಾಹ್ನ ಮೂರಕ್ಕೆ ಬರಲೇ ಎಂದ. ತನುಜಾ ಫೋನ್ ಹಿಡಿದು ನಿಂತಿದ್ದಳು.

ನನ್ನಲ್ಲಿಗೆ ಬರಬೇಡ, ತಿಳವಳ್ಳಿಗೆ ಹೋಗು, ಅಲ್ಲಿ ಮುದಕವ್ವ ಅಂತ ಇದ್ದಾಳೆ, ಅವಳನ್ನು ಕೇಳಿ ಬರೆ, ಅವಳ ಮುಖ ತೆಗೆ. ಮಾತು ಪೂರ್ತಿ ಸಿದ್ಧವಿತ್ತು. ಪತ್ರಿಕೆಯವರು ಕೇಳಿದರೆ ಹೇಳಬೇಕೆಂದು ಬೆಳಗಿನಿಂದ ಅದನ್ನೇ ಅಂದುಕೊಂಡು ಕೂತಿದ್ದೆ.

ಬರ್ರಿ ಎಂದೆ.

ತನುಜಾ ಫೋನ್ ಇಟ್ಟಳು. ಆಮೇಲೆ, ಯಾವ ಸೀರಿ ತಗದಿಡಲ್ರಿ ಅತ್ತಿ ಎಂದು ಕೇಳಿದಳು. ಬರೀ ಕೇಳಿದ್ದು. ಮುಖದಲ್ಲಿ ಏನೂ ಇರಲಿಲ್ಲ.

ಹಸಿರು ಇಳಕಲ್ ಎಂದೆ. ಎಂದ ಮೇಲೆ ಇದನ್ನು ಬರೆಯುತ್ತ ಕೂತಿದ್ದೇನೆ, ತಿಳವಳ್ಳಿಗೆ ಹೋಗು ಎನ್ನಲು ಮೂರರವರೆಗೆ ಹೊತ್ತಿದೆ, ಫೋನ್ ಪಕ್ಕದಲ್ಲೇ ಇದೆ.